ಗುಡ್ಡಕ್ಕೆ ಬೇಲಿ, ಕುರಿಗೆ ದಾರಿ ಯಾವುದು?

ಅರಭಾವಿ ಭಾಗದ ಹೊಲಗಳಿಗೆ ಘಟಪ್ರಭೆಯ ನೀರು ಹರಿದು ಕಬ್ಬು ನಿಂತ ಮೇಲೆ, ಕುರಿಗಾರನಿಗೆ ಗೋಕಾಕದ ಗುಡ್ಡವೇ ಹುಲ್ಲಿನ ಬಣವಿ. ಕಾಡಿನಲ್ಲಿ ದನ-ಕುರಿ ಮೇಯಿಸುವುದನ್ನು ನಿಷೇಧಿಸಲು 2025ರ ಜುಲೈನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಅಧಿಕಾರಿಗಳಿಗೆ ಸೂಚಿಸಿದರು. "ಹಂಗಾದ್ರ ಕುರಿಗೆ ಏನ ಹಾಕೂಣ್ರಿ?" ಎಂದು ಕುರಿಗಾರ ಕೇಳಿದರೆ ಉತ್ತರ ಯಾರ ಹತ್ತಿರ ಐತಿ?

ಎಳೆ ಸಸಿಗೆ ಕುರಿ ಬಾಯಿ ಹಾಕಿದರೆ ಅದು ಮರವಾಗದು, ಸುಳ್ಳಲ್ಲ. ಆದರೆ ಕಾಡು ಕಾಯುವ ಊರಿಗೆ ಉತ್ಪನ್ನದಲ್ಲಿ ಪಾಲು ಎಂದು 1993ರಲ್ಲಿ ಗ್ರಾಮ ಅರಣ್ಯ ಸಮಿತಿಗಳಿಗೆ ದಾರಿ ಮಾಡಿದ್ದೂ ಸರಕಾರವೇ. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವ ಹಕ್ಕನ್ನು ಹೆಸರಿಸಿಯೇ ಹೇಳಿದೆ. ಆದರೆ ಬುಡಕಟ್ಟಿನವರಲ್ಲದವರು 75 ವರ್ಷಗಳ ನಂಟು ತೋರಿಸಬೇಕು. ಕುರಿ ಹಿಂದೆ ಅಲೆಯುವವ ಅಷ್ಟು ಹಳೇ ಕಾಗದ ಎಲ್ಲಿಂದ ತಂದಾನು?

ಗುಡ್ಡವನ್ನು ಪಾಳಿಯ ಮೇಲೆ ಮುಚ್ಚಿರಿ. ಸಸಿ ನೆಟ್ಟ ಪಟ್ಟಿಗೆ ಬೇಲಿ ಇರಲಿ; ಗಿಡ ಕುರಿ ಬಾಯಿಗೆ ಎಟುಕದಷ್ಟು ಬೆಳೆದ ಪಟ್ಟಿ ಬಿಚ್ಚಲಿ. ಯಾವುದು ಯಾವಾಗ ಎಂಬುದನ್ನು ಕುರಿಗಾರರು, ಕಟ್ಟಿಗಿ ತರುವ ಹೆಣ್ಮಕ್ಕಳು ಕೂಡಿದ ಊರಸಭೆಯೇ ತೀರ್ಮಾನಿಸಲಿ. ಅವರನ್ನು ಬಿಟ್ಟು ಹಾಕಿದ ಬೇಲಿಯನ್ನು ರಾತ್ರಿ ಕಾಯುವವರಾರು?