ಕ್ರೆಡಿಟ್ ಉಳಿಯಿತು, ಗಣಿತ ಮರೆಯಿತು

ಎರಡು ತಿಂಗಳಿಂದ ಬೆಳಿಗ್ಗೆ ಐದೂವರೆಗೆ ಎದ್ದು ಪಿಯುಸಿ ಪುಸ್ತಕ ಓದುತ್ತಿದ್ದೇನೆ. ನಾನು ಪಿಯು ವಿದ್ಯಾರ್ಥಿಯಲ್ಲ, ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿ.ಇ. ಮೊದಲ ವರ್ಷ ಮುಗಿಸಿದವನು. ಕಳೆದ ವರ್ಷ ಅಪಘಾತದಲ್ಲಿ ಅಪ್ಪನ ಕಾಲು ಮುರಿಯಿತು. ಕೋಣನಕುಂಟೆಯಲ್ಲಿರುವ ನಮ್ಮ ದಿನಸಿ ಅಂಗಡಿ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಒಂದು ವರ್ಷ ಕಾಲೇಜು ಬಿಟ್ಟೆ. ಈಗ ಮೂರನೇ ಸೆಮಿಸ್ಟರ್‌ಗೆ ಮರಳುತ್ತಿದ್ದೇನೆ.

ಹೀಗೆ ಮರಳುವುದು ಕಾಗದದ ಮೇಲೆ ಸುಲಭ. ಓದನ್ನು ನಡುವೆ ಬಿಟ್ಟು ಮತ್ತೆ ಸೇರುವ ಅವಕಾಶ ಇರಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಅದಕ್ಕಾಗಿ ಯುಜಿಸಿ 2021ರಲ್ಲಿ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ನಿಯಮ ತಂದಿತು. ಗಳಿಸಿದ ಕ್ರೆಡಿಟ್ ಗರಿಷ್ಠ 7 ವರ್ಷ ಖಾತೆಯಲ್ಲಿ ಭದ್ರ. ಆದರೆ ಕಲಿತ ಪಾಠವನ್ನು ಯಾವ ಬ್ಯಾಂಕೂ ಇಟ್ಟುಕೊಳ್ಳುವುದಿಲ್ಲ.

ಇದು ಅರಿವಾಗಿದ್ದು ಮೂರನೇ ಸೆಮಿಸ್ಟರ್‌ನ ಫೋರಿಯರ್ ಸರಣಿ ತೆರೆದಾಗ. ಮೊದಲ ಲೆಕ್ಕದಲ್ಲೇ ನಿಂತುಬಿಟ್ಟೆ. ನನ್ನನ್ನು ತಡೆದದ್ದು ಫೋರಿಯರ್ ಅಲ್ಲ. ‘ಬೈ ಪಾರ್ಟ್ಸ್’ ಇಂಟಿಗ್ರೇಷನ್ ಮರೆತಿತ್ತು. ಎನ್ ಸಮಸಂಖ್ಯೆಯಾದರೆ ಕಾಸ್ ಎನ್ ಪೈ ಬೆಲೆ 1, ಬೆಸವಾದರೆ ಮೈನಸ್ 1 ಎಂಬ ಸಣ್ಣ ವಿಷಯವೂ ಹೊಳೆಯಲಿಲ್ಲ. ಅವೆರಡೂ ಪಿಯುಸಿ ಗಣಿತ.

ಪಕ್ಕದ ಮನೆಯ ಹುಡುಗ ದ್ವಿತೀಯ ಪಿಯು ಓದುತ್ತಿದ್ದಾನೆ. ಅವನ ಜೊತೆ ಭೌತಶಾಸ್ತ್ರ ಓದಲು ಕುಳಿತೆ. ನನ್ನ ಪುಸ್ತಕದ ಕೊನೆಯ ಅಧ್ಯಾಯ ‘ಸಂವಹನ ವ್ಯವಸ್ಥೆ’ ತೆರೆದರೆ, ‘ಅಣ್ಣಾ, ಈ ಪಾಠ ನಮಗಿಲ್ಲ’ ಎಂದ. ನನ್ನ ಪುಸ್ತಕದಲ್ಲಿ 15 ಅಧ್ಯಾಯ, ಅವನದರಲ್ಲಿ 14. ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯವೇ ಆಧಾರ. ಅಲ್ಲಿ ಕತ್ತರಿ ಬಿದ್ದದ್ದು ಇಲ್ಲೂ ಬಿತ್ತು. 2024ರ ಸಿಇಟಿಯಲ್ಲಿ ಕೈಬಿಟ್ಟ ಪಾಠಗಳಿಂದ ಪ್ರಶ್ನೆ ಬಂದು ಗದ್ದಲವಾಗಿದ್ದು ನೆನಪಿರಬಹುದು. ಭೌತಶಾಸ್ತ್ರದ 9, ಗಣಿತದ 15 ಸೇರಿ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಡಬೇಕಾಯಿತು. ಆ ಸಿಇಟಿ ಬರೆದವರೇ ಈಗ ನನ್ನ ಸಹಪಾಠಿಗಳು. ನಾನು ಓದಿ ಮರೆತ ಮಾಡ್ಯುಲೇಷನ್ ಪಾಠ ಅವರ ಪಠ್ಯದಲ್ಲೇ ಇರಲಿಲ್ಲ. ಮುಂದಿನ ಸೆಮಿಸ್ಟರ್‌ಗಳಲ್ಲಿ ಎಲೆಕ್ಟ್ರಾನಿಕ್ಸ್‌ನವರಿಗೆಲ್ಲ ಅದು ಬೇಕೇ ಬೇಕು.

ಹಾಗಾಗಿ ಇದನ್ನು ಒಬ್ಬ ಹುಡುಗನ ಮರೆವು ಎಂದು ತಳ್ಳಿಹಾಕಲಾಗದು. ಈ ಕೊರತೆ ನಮ್ಮ ವ್ಯವಸ್ಥೆಗೆ ಗೊತ್ತಿಲ್ಲದ್ದೂ ಅಲ್ಲ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರುವವರಿಗೆ ವಿಟಿಯು ‘ಅಡಿಷನಲ್ ಮ್ಯಾಥಮೆಟಿಕ್ಸ್’ ಇಡುತ್ತ ಬಂದಿದೆ. ಹೊಸಬರಿಗೆ ಎಐಸಿಟಿಇ ಮೂರು ವಾರಗಳ ಇಂಡಕ್ಷನ್ ಕಾರ್ಯಕ್ರಮ ರೂಪಿಸಿದೆ. ಮರಳಿ ಬಂದ ನನಗೆ ಸಿಕ್ಕಿದ್ದು ಮರುಪ್ರವೇಶದ ಅರ್ಜಿ ಮತ್ತು ಶುಲ್ಕದ ಚಲನ್ ಮಾತ್ರ. ಬಾಗಿಲು ತೆರೆದರೆ ಸಾಲದು, ಮೆಟ್ಟಿಲೂ ಬೇಕು. ಸೆಮಿಸ್ಟರ್ ಶುರುವಾಗುವ ಮುನ್ನ ಎರಡು ವಾರ ಗಣಿತ, ಭೌತಶಾಸ್ತ್ರದ ಮರುಪಾಠ ನಡೆಸಲು ಹೊಸ ಕಟ್ಟಡ ಬೇಕಿಲ್ಲ. ರಜೆಯಲ್ಲಿ ಖಾಲಿ ಇರುವ ಒಂದು ಕೊಠಡಿ, ಒಬ್ಬ ಮೇಷ್ಟ್ರು ಸಾಕು.

ಅದು ಬರುವವರೆಗೆ ನನ್ನಂಥವರು ಏನು ಮಾಡಬಹುದು? ನಾನು ಮೊದಲು ಪಿಯುಸಿ ಪುಸ್ತಕವನ್ನು ಮೊದಲ ಪುಟದಿಂದ ಓದಿ ಹದಿನೈದು ದಿನ ಕಳೆದುಕೊಂಡೆ. ಈಗ ಹಿಂದಿನಿಂದ ಬರುತ್ತಿದ್ದೇನೆ. ಮೂರನೇ ಸೆಮಿಸ್ಟರ್‌ನ ಒಂದು ಲೆಕ್ಕ ಎತ್ತಿಕೊಳ್ಳುವುದು, ಎಲ್ಲಿ ನಿಂತೆನೋ ಆ ಸಾಲಿಗೆ ಗುರುತು ಹಾಕುವುದು, ಅದಕ್ಕೆ ಬೇಕಾದ ಹಳೆಯ ಪಾಠವನ್ನಷ್ಟೇ ಓದಿ ಮತ್ತೆ ಅದೇ ಲೆಕ್ಕಕ್ಕೆ ಮರಳುವುದು. ಸರ್ಕ್ಯೂಟ್ ಲೆಕ್ಕ ಕೈಕೊಟ್ಟ ದಿನ ಕಿರ್ಚಾಫ್ ನಿಯಮ ಓದಿದೆ. ಅರ್ಥವಾಗದಿದ್ದರೆ ಎನ್‌ಪಿಟಿಇಎಲ್‌ನ ಉಚಿತ ಪಾಠಗಳಿವೆ. ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಪಾಠವನ್ನು ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಕೇಳಿದ್ದೇನೆ.

ನಡುವೆ ಓದು ಬಿಟ್ಟ ಗೆಳೆಯರೇ, ಪಿಯುಸಿ ಪುಸ್ತಕ ಮತ್ತೆ ಹಿಡಿಯಲು ನಾಚಿಕೆ ಬೇಡ. ನಿನ್ನೆ ಆ ಮೊದಲ ಫೋರಿಯರ್ ಲೆಕ್ಕ ಬಿಡಿಸಿ ಮುಗಿಸಿದೆ. ಪೂರ್ತಿ ನಲವತ್ತು ನಿಮಿಷ ಹಿಡಿಯಿತು. ಪರೀಕ್ಷೆಯಲ್ಲಿ ಅಷ್ಟು ಸಮಯ ಸಿಗುವುದಿಲ್ಲ ಎಂದು ಗೊತ್ತು. ಆದರೆ ಉತ್ತರ ಸರಿಯಿತ್ತು.