ಊರಿಗೆ ಊರೇ ಸುಳ್ಳು ಹೇಳಿದರೆ...

ನಮ್ಮ ಸಿನಿಮಾಗಳಲ್ಲಿ ಪೊಲೀಸ್ ಜೀಪು ಬರೋದು ಯಾವಾಗ? ವಿಲನ್‌ಗೆ ಹೊಡೆದು ಹೊಡೆದು ಹೀರೋ ಕೈ ಸೋತ ಮೇಲೆ! ಆದರೆ ಮೊದಲ ರೀಲಿನಲ್ಲೇ ಪೊಲೀಸ್ ಬಂದು, ಅವನ ಹಿಂದೆ ಜೀಪೂ ಇಲ್ಲ, ಒಬ್ಬ ಪೇದೆಯೂ ಇಲ್ಲ ಅಂದರೆ?

ಅಂಥ ಚಿತ್ರವೇ 1973ರ ಬ್ರಿಟಿಷ್ ಚಿತ್ರ ‘ದಿ ವಿಕರ್ ಮ್ಯಾನ್’. ನಿರ್ದೇಶನ ರಾಬಿನ್ ಹಾರ್ಡಿ, ಚಿತ್ರಕಥೆ ಆಂಥೊನಿ ಶಾಫರ್. ಕೊನೆಯನ್ನೂ ಹೇಳ್ತೀನಿ, ಬೇಡದವರು ಇಲ್ಲೇ ಪುಟ ತಿರುಗಿಸಿ!

ಸ್ಕಾಟ್ಲೆಂಡಿನ ಆಚೆ ಸಮರೈಲ್ ಅನ್ನೋ ಕಲ್ಪನೆಯ ದ್ವೀಪ. ಅಲ್ಲಿ ರೋವನ್ ಎಂಬ ಹುಡುಗಿ ಕಾಣೆಯಾಗಿದ್ದಾಳೆಂದು ಹೆಸರಿಲ್ಲದ ಪತ್ರವೊಂದು ಬರುತ್ತೆ. ಸಾರ್ಜೆಂಟ್ ಹೌವಿ (ಎಡ್ವರ್ಡ್ ವುಡ್‌ವರ್ಡ್) ಪುಟ್ಟ ವಿಮಾನದಲ್ಲಿ ಒಬ್ಬನೇ ಹೋಗಿ ನೀರಿನ ಮೇಲೆ ಇಳೀತಾನೆ. ಫೋಟೋ ತೋರಿಸಿದರೆ ಎಲ್ಲರದೂ ಒಂದೇ ಉತ್ತರ, “ನೋಡೇ ಇಲ್ಲ.” ಹೆತ್ತವಳೂ ‘ಇವಳು ನನ್ನ ಮಗಳಲ್ಲ’ ಅಂತಾಳೆ! ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಹುಡುಗಿಯ ಹೆಸರಿದೆ. ಗೋರಿ ಅಗೆಸಿದರೆ ಪೆಟ್ಟಿಗೆಯಲ್ಲಿ ಸತ್ತ ಮೊಲ!

ಊರಿನೋರು ಚರ್ಚು ಬಿಟ್ಟು ಸೂರ್ಯನನ್ನೂ ಭೂಮಿಯನ್ನೂ ಪೂಜಿಸೋರು. ಯಜಮಾನ ಲಾರ್ಡ್ ಸಮರೈಲ್. ಈ ಪಾತ್ರ ಯಾರದು ಗೊತ್ತೆ? ಡ್ರಾಕುಲಾ ಖ್ಯಾತಿಯ ಕ್ರಿಸ್ಟೋಫರ್ ಲೀ! ಕಥೆ ಮೆಚ್ಚಿ ಸಂಭಾವನೆ ಇಲ್ಲದೆ ನಟಿಸಿದ ಪುಣ್ಯಾತ್ಮ.

ಹೋದ ವರ್ಷ ಸೇಬಿನ ಬೆಳೆ ಕೈಕೊಟ್ಟಿದೆ. ಮೇ ಹಬ್ಬಕ್ಕೆ ಹುಡುಗಿಯನ್ನು ಬಲಿ ಕೊಡ್ತಾರೆ ಅಂತ ಹೌವಿಯ ಗುಮಾನಿ. ವೇಷ ಹಾಕಿ ಮೆರವಣಿಗೆ ಸೇರ್ತಾನೆ, ಹುಡುಗಿಯ ಕೈ ಹಿಡಿದು ಓಡ್ತಾನೆ. ಹುಡುಗಿ ಸೀದಾ ಊರಿನೋರ ಕೈಗೇ ಒಪ್ಪಿಸ್ತಾಳೆ! ಪತ್ರ, ಸುಳ್ಳು, ಗೋರಿ... ಎಲ್ಲಾ ಗಾಳಕ್ಕೆ ಸಿಕ್ಕಿಸಿದ ಹುಳು. ಬಲಿ ಅವನೇ. ತಾನಾಗೇ ಬಂದವನು, ರಾಜನ ಅಧಿಕಾರ ಹೊತ್ತವನು, ಜತೆಗೆ ಬ್ರಹ್ಮಚಾರಿ. ಹಿಂದಿನ ರಾತ್ರಿ ಪಕ್ಕದ ಕೋಣೆಯ ಸುಂದರಿ (ಬ್ರಿಟ್ ಎಕ್ಲೆಂಡ್) ಗೋಡೆ ತಟ್ಟಿ ಕರೆದಾಗ ಬೆವರು ಸುರಿಸಿಕೊಂಡು ತಡೆದಿದ್ದ. ಸೋತಿದ್ದರೆ ಬಲಿಗೆ ಲಾಯಕ್ಕಾಗ್ತಿರಲಿಲ್ಲ! ಅವನ ನಿಷ್ಠೆಯೇ ಅವನಿಗೆ ಮುಳುವಾಯ್ತು.

ನನ್ನ ನಿದ್ದೆ ಕೆಡಿಸಿದ್ದು ಬೆಂಕಿಯಲ್ಲ, ಊರಿನೋರ ನಗುಮುಖ. ಒಬ್ಬನಿಗೂ ಹೌವಿಯ ಮೇಲೆ ದ್ವೇಷವಿಲ್ಲ. ಬೆತ್ತದ ದೈತ್ಯ ಬೊಂಬೆಯೊಳಗೆ ಅವನನ್ನು ಕೂಡಿ ಬೆಂಕಿ ಹಚ್ಚಿ, ಕೈ ಕೈ ಹಿಡಿದು ಹಾಡ್ತಾರೆ. ಕೊಲೆ ಅಂತ ಯಾರಿಗೂ ಅನ್ನಿಸೋದೇ ಇಲ್ಲ. ಸಾಯೋ ಮುಂಚೆ ಹೌವಿ ಒಂದು ಮಾತು ಎಸೀತಾನೆ: ಬೆಳೆ ಮತ್ತೆ ಕೈಕೊಟ್ಟರೆ ಮುಂದಿನ ಬಲಿ ನಿಮ್ಮ ಯಜಮಾನನೇ! ಆಗ ಲೀ ಮುಖ ನೋಡಬೇಕು ರೀ! ಇಡೀ ತನಿಖೆಯಲ್ಲಿ ಪೊಲೀಸ್ ಗೆದ್ದ ಕ್ಷಣ ಅದೊಂದೇ.

ಕಥೆ ವಸಂತದ್ದು, ಶೂಟಿಂಗ್ ಆಗಿದ್ದು 1972ರ ಕೊನೆಯ ಚಳಿಯಲ್ಲಿ. ಬಾಯಿಂದ ಹೊಗೆ ಕಾಣಬಾರದೂಂತ ನಟರು ಮಂಜುಗಡ್ಡೆ ಚೀಪಿದರಂತೆ! ಇಷ್ಟು ಕಷ್ಟಪಟ್ಟ ಚಿತ್ರವನ್ನು ಕತ್ತರಿಸಿ, ‘ಡೋಂಟ್ ಲುಕ್ ನೌ’ ಜತೆ ಎರಡನೇ ಚಿತ್ರವಾಗಿ ಬಿಟ್ಟರು. ಹೆಸರು ಬಂದದ್ದು ನಿಧಾನವಾಗಿ. 2006ರಲ್ಲಿ ನಿಕೋಲಸ್ ಕೇಜ್ ಇದನ್ನೇ ಮತ್ತೆ ಮಾಡಿದ. ಅದನ್ನು ಬಿಡಿ, ಹಳೇದನ್ನೇ ಹುಡುಕಿ ನೋಡಿ.

ಹೌವಿ ಎಲ್ಲಿ ಎಡವಿದ ಅಂತೀರಿ? ಬರೆದು ತಿಳಿಸಿ. ಮುಂದಿನ ವಾರ ಸಿಗೋಣ!