ಮುಂದಿನ ಸಾಲಿನ ಕುರ್ಚಿ

ನಮ್ಮ ಆಂಡರ್ಸನ್‌ಪೇಟೆಯ ಹಬ್ಬದ ಸಂಜೆಯೊಂದನ್ನು ನೆನಪಿಗೆ ತಂದುಕೊಳ್ಳಿ. ನವದಿನಗಳ ಪ್ರಾರ್ಥನೆ ಮುಗಿದಿದೆ. ತೇರಿಗೆ ಹೂವಿನ ಅಲಂಕಾರವಾಗಿದೆ, ಬಣ್ಣದ ದೀಪಗಳು ಬೆಳಗಿವೆ, ಬ್ಯಾಂಡಿನವರು ವಾದ್ಯಗಳನ್ನು ಹಿಡಿದು ನಿಂತಿದ್ದಾರೆ. ಕನ್ನಡದಲ್ಲಿ ಒಂದು, ತಮಿಳಿನಲ್ಲಿ ಒಂದು ಎಂಬಂತೆ ಜಪಸರದ ರಹಸ್ಯಗಳು ಸಾಗಿ ಮುಗಿದಿವೆ. ಆದರೂ ತೇರು ಹೊರಡುವುದಿಲ್ಲ. ಏಕೆಂದರೆ 'ಅವರು' ಇನ್ನೂ ಬಂದಿಲ್ಲ.

ಮುಕ್ಕಾಲು ಗಂಟೆಯ ನಂತರ ಮೂರು ಕಾರುಗಳು ಬರುತ್ತವೆ. ಗಣ್ಯರು ಇಳಿಯುತ್ತಾರೆ. ಶಾಲು, ಹಾರ, ಮುಂದಿನ ಸಾಲಿನಲ್ಲಿ ಬಿಳಿ ಬಟ್ಟೆ ಹೊದಿಸಿದ ಕುರ್ಚಿ. ಯಾರೋ ಒಬ್ಬರು ಅವರ ಕೈಗೆ ಉರಿಯುವ ಮೇಣದಬತ್ತಿಯನ್ನು ಕೊಡುತ್ತಾರೆ. ಶಿಲುಬೆಯ ಗುರುತನ್ನು ಎಡದಿಂದ ಹಾಕಬೇಕೋ ಬಲದಿಂದಲೋ ಎಂದು ಪಕ್ಕದವರನ್ನು ನೋಡಿ ಅವರು ಹಾಕುತ್ತಾರೆ. 'ಇನ್ನೊಂದು ಸಲ ಸಾರ್' ಎಂದು ಛಾಯಾಗ್ರಾಹಕನು ಬೇಡಿದರೆ ಇನ್ನೊಂದು ಸಲವೂ ಹಾಕುತ್ತಾರೆ. ನಾವು ದಿನಕ್ಕೆ ಒಂದು ಬಾರಿ ಹಾಕಲು ಮರೆಯುವ ಗುರುತನ್ನು ಅವರು ಒಂದೇ ನಿಮಿಷದಲ್ಲಿ ಎರಡು ಬಾರಿ ಹಾಕುವುದನ್ನು ಕಂಡು ನಾವು ಚಪ್ಪಾಳೆ ತಟ್ಟುತ್ತೇವೆ.

ಯಾವ ವರ್ಷ, ಯಾವ ದೇವಾಲಯ, ಯಾವ ಪಕ್ಷ ಎಂದು ನನ್ನನ್ನು ಕೇಳಬೇಡಿ. ನಿಮಗೆ ಒಂದಲ್ಲ, ನಾಲ್ಕು ಉದಾಹರಣೆಗಳು ಈಗಾಗಲೇ ನೆನಪಾಗಿರುತ್ತವೆ.

ಇದು ನಡೆಯುವ ಊರು ಯಾವುದೆಂಬುದನ್ನು ಗಮನಿಸಿ. ದೇವರಿಲ್ಲ ಎಂಬ ಮಾತಿಗೆ ಬಹಿರಂಗ ವೇದಿಕೆಯಿದ್ದ ಊರು ನಮ್ಮದು. ಚಾಂಪಿಯನ್ ರೀಫ್ಸ್, ಮಾರಿಕುಪ್ಪಂಗಳ ಕಾರ್ಮಿಕರ ಲೈನುಗಳಲ್ಲಿ 1940ರ ದಶಕದಿಂದಲೇ ಕೆಂಪು ಬಾವುಟ ಹಾರಾಡಿತು. ಮುಷ್ಕರವಾಯಿತು, 1946ರಲ್ಲಿ ಗೋಲಿಬಾರೂ ಆಯಿತು. ಎಂ.ಸಿ. ನರಸಿಂಹನ್ ಅವರಂಥ ಕಮ್ಯುನಿಸ್ಟರನ್ನು ಈ ಊರು ಶಾಸನಸಭೆಗೆ ಕಳುಹಿಸಿತು. ಪೆರಿಯಾರ್ ಅವರ ಸ್ವಾಭಿಮಾನ ಚಳವಳಿಯ ವಿಚಾರಗಳೂ ತಮಿಳು ಪತ್ರಿಕೆಗಳ ಮೂಲಕ ಇಲ್ಲಿನ ಮನೆಮನೆಗಳನ್ನು ತಲುಪಿದವು. ಕಮ್ಯುನಿಸಂನ ನಾಸ್ತಿಕ ಸಿದ್ಧಾಂತವನ್ನು ಒಪ್ಪಿ ಸಾರುವವರು ಧರ್ಮಸಭೆಯಿಂದ ಬಹಿಷ್ಕೃತರು ಎಂದು ರೋಮಿನಿಂದ 1949ರ ಜುಲೈ 1ರಂದು ಆಜ್ಞೆ ಹೊರಟಾಗ, ನಮ್ಮ ಗಣಿಯಲ್ಲಿ ಕೊರಳಲ್ಲಿ ಜಪಸರವನ್ನೂ ಜೇಬಿನಲ್ಲಿ ಸಂಘದ ಚೀಟಿಯನ್ನೂ ಇಟ್ಟುಕೊಂಡು ನೆಲದಡಿಗೆ ಇಳಿಯುತ್ತಿದ್ದವರು ಇದ್ದರು. ಅವರ ಆತ್ಮಸಾಕ್ಷಿಯ ಕಷ್ಟವೇನೆಂದು ನಾವು ಇಂದು ಊಹಿಸಲಾರೆವು.

ಆ ಕಾಲದ ನಾಸ್ತಿಕರನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಅವರು ತಪ್ಪು ತಿಳಿದಿದ್ದರು ಎಂಬುದು ನನ್ನ ವಿಶ್ವಾಸ. ಆದರೆ ತಾವು ತಿಳಿದದ್ದನ್ನು ನಮ್ಮ ಮುಖಕ್ಕೇ ಹೇಳಿದರು. ಮತಕ್ಕಾಗಿ ಮೇಣದಬತ್ತಿ ಹಿಡಿಯಲಿಲ್ಲ. ಕೂಲಿ, ಮನೆ, ಸುರಕ್ಷತೆ ಇವುಗಳ ಬಗ್ಗೆ ಮಾತನಾಡಿ ಹೋದರು.

ಅನಂತರ ಬಂದವರ ಕಥೆ ಬೇರೆ. ವಿನಾಯಕನ ವಿಗ್ರಹವನ್ನೂ ಒಡೆಯುವುದಿಲ್ಲ, ಅದರ ಮುಂದೆ ತೆಂಗಿನಕಾಯಿಯನ್ನೂ ಒಡೆಯುವುದಿಲ್ಲ ಎಂಬುದು ಅಣ್ಣಾದೊರೈ ಅವರು ಹಿಡಿದ ಮಧ್ಯಮಾರ್ಗವಾಗಿತ್ತು. ಅವರ ಹೆಸರನ್ನೇ ಹೊತ್ತ ಪಕ್ಷದ ನಾಯಕರಾದ ಎಂ.ಜಿ. ರಾಮಚಂದ್ರನ್ ಅವರು ನಮ್ಮ ಕರ್ನಾಟಕದ ಕೊಲ್ಲೂರು ಮೂಕಾಂಬಿಕೆಗೆ ಚಿನ್ನದ ಖಡ್ಗವನ್ನು ಅರ್ಪಿಸಿದರು. ಅದೇ ಅಣ್ಣಾ ಡಿಎಂಕೆ ಪಕ್ಷವನ್ನು ಕೆಜಿಎಫ್ ಒಂದಕ್ಕಿಂತ ಹೆಚ್ಚು ಬಾರಿ ಗೆಲ್ಲಿಸಿತು. ಗೆದ್ದ ಶಾಸಕರ ಹೆಸರು ಭಕ್ತವತ್ಸಲಂ! (ಹೆಸರಿನ ತಮಾಷೆಯಷ್ಟೇ, ಅವರ ಮೇಲೆ ಆಕ್ಷೇಪವಲ್ಲ.) ವೈಯಕ್ತಿಕ ಭಕ್ತಿಯನ್ನು ಅಳೆಯಲು ನನ್ನಲ್ಲಿ ತಕ್ಕಡಿಯಿಲ್ಲ. ಭಕ್ತಿಯು ಪಕ್ಷದ ಬಾವುಟದ ಪಕ್ಕದಲ್ಲಿ ನಿಂತಾಗ ಮಾತ್ರ ಅದರ ತೂಕವನ್ನು ಕೇಳುವ ಹಕ್ಕು ಪ್ರಜೆಗಿದೆ.

ನಾಸ್ತಿಕತೆಯನ್ನೇ ರಾಜ್ಯಧರ್ಮವಾಗಿಸಿದ ದೇಶಗಳಲ್ಲಿ ಈ ನಾಟಕ ಇನ್ನೂ ವಿಚಿತ್ರವಾಗಿ ನಡೆಯಿತು. ಸ್ಟಾಲಿನ್ ಯೌವನದಲ್ಲಿ ಟಿಫ್ಲಿಸ್ ನಗರದ ಗುರುಮಠದ ವಿದ್ಯಾರ್ಥಿ. ಅಧಿಕಾರಕ್ಕೆ ಬಂದ ಮೇಲೆ, 1931ರ ಡಿಸೆಂಬರ್‌ನಲ್ಲಿ, ಮಾಸ್ಕೋದ ಕ್ರಿಸ್ತ ರಕ್ಷಕನ ಮಹಾದೇವಾಲಯವನ್ನು ಸಿಡಿಮದ್ದಿಟ್ಟು ಉರುಳಿಸಿದರು. ಜರ್ಮನ್ ಸೈನ್ಯ ದೇಶದೊಳಗೆ ನುಗ್ಗಿದ ಮೇಲೆ ಅದೇ ಸ್ಟಾಲಿನ್, 1943ರ ಸೆಪ್ಟೆಂಬರ್ 4ರ ರಾತ್ರಿ, ಉಳಿದಿದ್ದ ಮೂವರು ಮಹಾಧರ್ಮಾಧ್ಯಕ್ಷರನ್ನು ಕ್ರೆಮ್ಲಿನ್‌ಗೆ ಕರೆಸಿಕೊಂಡು ಕುಶಲ ವಿಚಾರಿಸಿದರು. 1925ರಿಂದ ಪೀಠಾಧಿಪತಿಯಿಲ್ಲದ ರಷ್ಯದ ಧರ್ಮಸಭೆಗೆ ನಾಲ್ಕೇ ದಿನಗಳಲ್ಲಿ ಪೀಠಾಧಿಪತಿ ಸಿಕ್ಕಿದರು. ದೇವರು ಇದ್ದಾನೆಂದು ಆ ರಾತ್ರಿ ಸ್ಟಾಲಿನ್ನರಿಗೆ ಹೊಳೆಯಿತೆಂದು ಯಾರೂ ನಂಬಲಿಲ್ಲ. ಯುದ್ಧಕ್ಕೆ ಭಕ್ತರು ಬೇಕಾಗಿದ್ದರು, ಅಷ್ಟೇ.

ಸೋವಿಯತ್ ಒಕ್ಕೂಟ ಮುಳುಗಿದ ಮೇಲೆ ಇನ್ನೊಂದು ದೃಶ್ಯ. 1977ರಲ್ಲಿ ತಮ್ಮ ಪ್ರಾಂತ್ಯದ ಪಕ್ಷದ ಮುಖ್ಯಸ್ಥರಾಗಿ, ರಷ್ಯದ ಕೊನೆಯ ದೊರೆಯ ಕುಟುಂಬ ಹತ್ಯೆಗೀಡಾದ ಮನೆಯನ್ನು ಮಾಸ್ಕೋದ ಅಪ್ಪಣೆಯಂತೆ ಕೆಡವಿಸಿದ ಬೋರಿಸ್ ಯೆಲ್ಸಿನ್, 1998ರಲ್ಲಿ ರಾಷ್ಟ್ರಾಧ್ಯಕ್ಷರಾಗಿ ಅದೇ ಕುಟುಂಬದ ಅವಶೇಷಗಳ ಸಮಾಧಿಯ ಮುಂದೆ ತಲೆಬಾಗಿ ನಿಂತರು. ಅವರ ಪಶ್ಚಾತ್ತಾಪ ನಿಜವಿರಬಹುದು. ಆದರೆ ಅವರ ಹಿಂದೆ, ನಿನ್ನೆಯವರೆಗೆ ಪಕ್ಷದ ಕಚೇರಿಯಲ್ಲಿ ನಾಸ್ತಿಕತೆಯ ಪಾಠ ಹೇಳುತ್ತಿದ್ದ ಅಧಿಕಾರಿಗಳು ಪಾಸ್ಖ ಹಬ್ಬದಂದು ಸಾಲುಸಾಲಾಗಿ ಮೇಣದಬತ್ತಿ ಹಿಡಿದು ಮುಂದಿನ ಸಾಲಿನಲ್ಲಿ ನಿಲ್ಲತೊಡಗಿದರು. ರಷ್ಯದ ಜನಸಾಮಾನ್ಯರು ಅವರಿಗೆ ಒಂದು ಅಡ್ಡಹೆಸರನ್ನು ಕೊಟ್ಟರು: 'ಮೇಣದಬತ್ತಿಯ ಕಂಬಗಳು'. ಕಂಬ ಬತ್ತಿಯನ್ನು ಹಿಡಿದಿರುತ್ತದೆ. ಬೆಳಕಿಗೂ ಅದಕ್ಕೂ ಸಂಬಂಧವಿಲ್ಲ.

ಚೀನಾದ ಕಥೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅಲ್ಲಿ ಆಳುವ ಪಕ್ಷದ ಸದಸ್ಯರು ಯಾವ ಧರ್ಮವನ್ನೂ ನಂಬುವಂತಿಲ್ಲ. ಆದರೂ 2007ರಲ್ಲಿ ಆ ಸರ್ಕಾರ, ಟಿಬೆಟ್ಟಿನ ಲಾಮಾಗಳು ಮರುಜನ್ಮ ಪಡೆಯಬೇಕಾದರೆ ಸರ್ಕಾರದ ಅನುಮೋದನೆ ಬೇಕು ಎಂಬ ನಿಯಮವನ್ನು ಜಾರಿಗೆ ತಂದಿತು. ಮರುಜನ್ಮವೇ ಇಲ್ಲ ಎನ್ನುವವರು ಮರುಜನ್ಮಕ್ಕೆ ಪರವಾನಗಿ ಕೊಡುತ್ತಾರೆ! ಇದನ್ನು ಹಾಸ್ಯಗಾರನೊಬ್ಬ ಬರೆದಿದ್ದರೆ ಅತಿಯಾಯಿತೆಂದು ಸಂಪಾದಕರು ಹೊಡೆದುಹಾಕುತ್ತಿದ್ದರು.

ನಗು ಇಲ್ಲಿಗೆ ನಿಲ್ಲಲಿ. ಅಲ್ಬೇನಿಯ ದೇಶವು 1967ರಲ್ಲಿ ತನ್ನನ್ನು ಜಗತ್ತಿನ ಮೊದಲ ನಾಸ್ತಿಕ ರಾಷ್ಟ್ರವೆಂದು ಸಾರಿತು. ಅಲ್ಲಿ ಅರ್ನೆಸ್ಟ್ ಸಿಮೋನಿ ಎಂಬ ಗುರುಗಳಿದ್ದರು. ಅವರನ್ನು 1963ರ ಕ್ರಿಸ್ತಜಯಂತಿಯ ಹಿಂದಿನ ರಾತ್ರಿ, ಬಲಿಪೂಜೆ ಅರ್ಪಿಸಿದ ಮೇಲೆ, ಬಂಧಿಸಲಾಯಿತು. ಮರಣದಂಡನೆ ಕಠಿಣ ಶಿಕ್ಷೆಯಾಗಿ ಬದಲಾಯಿತು. ವರ್ಷಗಟ್ಟಲೆ ಅವರು ಗಣಿಯಲ್ಲಿ ದುಡಿದರು. ಹೌದು, ಗಣಿಯಲ್ಲಿ, ನಮ್ಮ ತಂದೆ ತಾತಂದಿರು ದುಡಿದಂಥ ಕತ್ತಲೆಯಲ್ಲಿ. ಅಲ್ಲಿ ನೆನಪಿನಿಂದಲೇ ಲತೀನ್ ಭಾಷೆಯ ಬಲಿಪೂಜೆಯನ್ನು ಗುಟ್ಟಾಗಿ ಅರ್ಪಿಸಿದರು, ಸಹಬಂದಿಗಳ ಪಾಪನಿವೇದನೆಯನ್ನು ಆಲಿಸಿದರು. 2014ರ ಸೆಪ್ಟೆಂಬರ್‌ನಲ್ಲಿ ಟಿರಾನಾ ನಗರದಲ್ಲಿ ಅವರ ಕಥೆಯನ್ನು ಕೇಳಿದ ಜಗದ್ಗುರು ಫ್ರಾನ್ಸಿಸ್ ಕಣ್ಣೀರಿಟ್ಟು ಅವರನ್ನು ಅಪ್ಪಿಕೊಂಡರು; 2016ರಲ್ಲಿ ಕಾರ್ಡಿನಲ್ ಪದವಿಗೇರಿಸಿದರು. ಆ ಗಣಿಯಲ್ಲಿ ಶಿಲುಬೆಯ ಗುರುತು ಹಾಕಿದವನಿಗೆ ಛಾಯಾಗ್ರಾಹಕ ಇರಲಿಲ್ಲ. ಅದರ ಬೆಲೆ ಜೀವವಾಗಿತ್ತು. ನಮ್ಮಲ್ಲಿ ಅದೇ ಗುರುತಿನ ಬೆಲೆ ಒಂದು ಹಾರ, ಕೆಲವು ನೂರು ಮತ.

ನಮ್ಮದು ನಾಸ್ತಿಕ ರಾಷ್ಟ್ರವಲ್ಲ. ನಮ್ಮ ಪೂರ್ವಜರು ಅದನ್ನು ಬಯಸಲೂ ಇಲ್ಲ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಅವರು ಪೀಠಿಕೆಯನ್ನು 'ದೇವರ ಹೆಸರಿನಲ್ಲಿ' ಎಂದು ಆರಂಭಿಸಬೇಕೆಂಬ ತಿದ್ದುಪಡಿ ತಂದರು. ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ಗುರಿಮಾಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತರು ಬಿಡಲಿಲ್ಲ. ತಿದ್ದುಪಡಿಯ ಪರ 41, ವಿರುದ್ಧ 68. ವಿರುದ್ಧ ಕೈಯೆತ್ತಿದವರಲ್ಲಿ ಭಕ್ತರೂ ಇದ್ದರು. ದೇವರ ಹೆಸರನ್ನು ರಾಜ್ಯದ ಕಾಗದಪತ್ರದಲ್ಲಿ ಒತ್ತಾಯದಿಂದ ಬರೆಸುವುದರಿಂದ ದೇವರಿಗೇನೂ ಲಾಭವಿಲ್ಲವೆಂದು ಅವರು ತಿಳಿದಿದ್ದರು. ಅಂದು ಸೋತದ್ದು ದೇವರಲ್ಲ.

ಆದರೆ ಕರ್ನಾಟಕದ ರಾಜಕಾರಣ ದೇವರನ್ನು ಮತಪೆಟ್ಟಿಗೆಗೆ ಮಾತ್ರವಲ್ಲ, ಸಾಕ್ಷಿಕಟ್ಟೆಗೂ ಎಳೆದು ತಂದಿತು. 2011ರ ಜೂನ್ 27ರಂದು ಧರ್ಮಸ್ಥಳದಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ, ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ, ಒಬ್ಬರ ಆರೋಪ, ಇನ್ನೊಬ್ಬರ ಸವಾಲು, ಮಂಜುನಾಥನ ಮುಂದೆ ಆಣೆ ಪ್ರಮಾಣವಾಗಲಿ ಎಂಬ ಪಂಥ. ಇಡೀ ನಾಡು ದೂರದರ್ಶನದ ಮುಂದೆ ಕುಳಿತಿತು. ಇಬ್ಬರೂ ಬಂದರು, ಪೂಜೆ ಸಲ್ಲಿಸಿದರು, ಹಿಂದಿರುಗಿದರು. ಯಾರ ಮಾತು ಸತ್ಯವೆಂದು ಜನರಿಗೆ ಅಂದು ತಿಳಿಯಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ, ಜುಲೈ 27ರಂದು, ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಸಲ್ಲಿಕೆಯಾಯಿತು. 31ರಂದು ಮುಖ್ಯಮಂತ್ರಿ ರಾಜೀನಾಮೆ ನೀಡಿದರು. (ಆ ಸಂಬಂಧದ ಪ್ರಕರಣದಲ್ಲಿ ಸಿಬಿಐ ನ್ಯಾಯಾಲಯ 2016ರಲ್ಲಿ ಅವರನ್ನು ಖುಲಾಸೆಗೊಳಿಸಿತೆಂಬುದನ್ನೂ ಹೇಳಬೇಕು.) ನಿಜ ಸುಳ್ಳುಗಳ ವಿಚಾರಣೆಗೆ ಸಾಲಿಗ್ರಾಮವಲ್ಲ, ಶಿಲುಬೆಯಲ್ಲ, ಕಡತಗಳು ಬೇಕಾಗುತ್ತವೆ.

2008ರ ಮೇ 30ರಂದು ದೇವರ ಹೆಸರಿನಲ್ಲಿ, ರೈತರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿದ ಸರ್ಕಾರಕ್ಕೆ ನಾಲ್ಕು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 14ರ ಭಾನುವಾರ, ಮಂಗಳೂರಿನ ಆರಾಧನಾ ಮಠದಲ್ಲಿ ಪರಮಪ್ರಸಾದಕ್ಕೆ ಅಪಚಾರವಾಯಿತು. ದೇವರ ಹೆಸರು ಆ ದಿನ ನಮ್ಮ ಕನ್ಯಾಸ್ತ್ರೀಯರ ಬಾಗಿಲನ್ನು ಕಾಯಲಿಲ್ಲ. ಕಾಯಬೇಕಾಗಿದ್ದವರು ಪೊಲೀಸರು. ಶಾಸಕನ ಭಕ್ತಿಯಿಂದ ಅಲ್ಪಸಂಖ್ಯಾತನಿಗೆ ರಕ್ಷಣೆ ಸಿಗುವುದಿಲ್ಲ. ಶಾಸಕನು ತನ್ನ ಕೆಲಸ ಮಾಡುವುದರಿಂದ ಸಿಗುತ್ತದೆ. ಇದನ್ನು ಒಂದೇ ಪಕ್ಷದ ಮೇಲೆ ಹೊರಿಸಿ ಹಗುರಾಗಲು ಹೋಗಬೇಡಿ. ಕ್ರಿಸ್ತಜಯಂತಿಯ ಕೇಕ್ ಕತ್ತರಿಸುವ ಚಾಕು ಎಲ್ಲ ಪಕ್ಷಗಳ ಕೈಯಲ್ಲೂ ಇದೆ.

ಈಗ ಕಹಿಯಾದ ಮಾತು. ತಪ್ಪು ರಾಜಕಾರಣಿಯದೆಂದು ನಾನು ಪೂರ್ತಿ ಒಪ್ಪಲಾರೆ. ಆತ ವ್ಯಾಪಾರಿ, ಅಂಗಡಿ ತೆರೆದಿದ್ದರೆ ಬರುತ್ತಾನೆ. ಅಂಗಡಿ ತೆರೆದವರು ನಾವು. ಆ ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿದವರು ಯಾರು? ತೇರನ್ನು ನಿಲ್ಲಿಸಿದವರು ಯಾರು? ಪ್ರಬೋಧನೆಯ ಸ್ಥಳದಿಂದ ಧ್ವನಿವರ್ಧಕವನ್ನು ತೆಗೆದು ಅವರ ಕೈಗಿತ್ತವರು ಯಾರು? ಅವರು ಆಗಮನ ಗೀತೆಯ ಹೊತ್ತಿಗೆ ಬಂದು ಪರಮಪ್ರಸಾದದ ಹೊತ್ತಿಗೆ ಎದ್ದುಹೋದರೆ ನಾವು ಬಾಗಿಲವರೆಗೂ ಹೋಗಿ ಕಳುಹಿಸಿಬಂದೆವು.

ಸಂತ ಯಾಕೋಬರು ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ ಇದೇ ಸಭೆಯನ್ನು ವರ್ಣಿಸಿದ್ದಾರೆ. ಚಿನ್ನದುಂಗುರ ತೊಟ್ಟವನೊಬ್ಬ ಒಳಗೆ ಬರುತ್ತಾನೆ. ಅವನಿಗೆ ಒಳ್ಳೆಯ ಆಸನ. ಹರಕು ಬಟ್ಟೆಯ ಬಡವನಿಗೆ ಅಲ್ಲಿ ನಿಲ್ಲು, ಇಲ್ಲವೇ ಕಾಲ ಬಳಿ ಕೂರು ಎಂಬ ಅಪ್ಪಣೆ. ಚಿನ್ನದ ಊರಿನವರಾದ ನಾವು ಈ ಭಾಗವನ್ನು ಓದಿ ತಲೆ ತಗ್ಗಿಸಬೇಕು. ಆ ಉಂಗುರದ ಚಿನ್ನವನ್ನು ಮೂರು ಕಿಲೋಮೀಟರಿಗೂ ಆಳದಿಂದ ಮೇಲೆತ್ತಿ, ಕಲ್ಲಿನ ಧೂಳಿನಿಂದ ಶ್ವಾಸಕೋಶ ಕೆಡಿಸಿಕೊಂಡವನು ನಮ್ಮ ದೇವಾಲಯದ ಹಿಂದಿನ ಬಾಗಿಲ ಬಳಿ ಕೆಮ್ಮುತ್ತ ನಿಂತಿದ್ದ. ಉಂಗುರ ತೊಟ್ಟವನು ಮುಂದೆ ಕುಳಿತಿದ್ದ.

ಬಂದವರು ಕೂರಲಿ, ಯಾರನ್ನೂ ಹೊರಗಟ್ಟಬೇಡಿ. ನಂಬುವವರೂ ನಂಬದವರೂ ಪ್ರಭುವಿನ ಮನೆಗೆ ಬರಬಹುದು. ಆದರೆ ನಂಬದವನು ನಂಬಿದಂತೆ ನಟಿಸಬೇಕಾದ ಒತ್ತಾಯವನ್ನು ನಾವು ಸೃಷ್ಟಿಸುವುದು ಬೇಡ. ಆತನ ಕೈಗೆ ಮೇಣದಬತ್ತಿ ಕೊಡುವ ಬದಲು ಒಂದು ಅರ್ಜಿ ಕೊಡಿ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಂದಿನಿಂದ ಲೈನಿನ ಮನೆಗಳ ಹಕ್ಕಿನ ಬಗ್ಗೆ, ಕಾರ್ಮಿಕರ ಬಾಕಿಯ ಬಗ್ಗೆ ಎಷ್ಟು ಚುನಾವಣೆಗಳಲ್ಲಿ ಎಷ್ಟು ಭರವಸೆ ಕೇಳಿದಿರಿ? ಗಾಳಿ ಬೀಸಿದಾಗ ಸೈನೈಡ್ ದಿಬ್ಬದ ಧೂಳು ನಿಮ್ಮ ಅಡುಗೆಮನೆಗೆ ಬರುತ್ತದೆ. ನಸುಕಿನಲ್ಲಿ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗಿ, ಮಕ್ಕಳು ಮಲಗಿದ ಮೇಲೆ ಮನೆ ಸೇರುವ ತಂದೆ ತಾಯಂದಿರು ನಿಮ್ಮ ಬೀದಿಯಲ್ಲೇ ಇದ್ದಾರೆ. ಇವುಗಳ ಬಗ್ಗೆ ಕೇಳಿ. ಉತ್ತರವನ್ನು ದೇವಾಲಯದಲ್ಲಿ ಬೇಡ, ಅವರ ಕಚೇರಿಯಲ್ಲಿ, ಬರಹದಲ್ಲಿ ಪಡೆಯಿರಿ.

ಬರುವ ಹಬ್ಬದ ಸಿದ್ಧತಾ ಸಭೆಯಲ್ಲಿ ಪೆಂಡಾಲಿನವನು ಎಂದಿನಂತೆ ಕೇಳುತ್ತಾನೆ: ವಿಐಪಿ ಕುರ್ಚಿ ಎಷ್ಟು ಬೇಕು? ಧರ್ಮಕೇಂದ್ರದ ಪಾಲನಾ ಸಮಿತಿಯವರು ಸಂಖ್ಯೆ ಹೇಳುವ ಮೊದಲು ನಿಮ್ಮಲ್ಲಿ ಯಾರಾದರೂ ಎದ್ದು ನಿಂತು, ಒಂದೂ ಬೇಡ ಎಂದು ಹೇಳಿ. ತೇರು ಹೊರಡುವ ಸಮಯವನ್ನೂ ಅದೇ ಸಭೆಯಲ್ಲಿ ಬರೆಸಿ.